ರೋಸ್ಕಾದಲ್ಲಿ ಉಳಿದ ಅರ್ಧ

ನಮ್ಮ ವಲಯದ ನಾಲ್ಕನೇ ತರಗತಿಯ ಮಕ್ಕಳಿಗೆ ಭಿನ್ನರಾಶಿಯನ್ನು ಸೃಜನಶೀಲವಾಗಿ ಪರಿಚಯಿಸತಕ್ಕದ್ದೆಂದು ಆದೇಶವಾಗಿದೆ. ಸೀಮೆಸುಣ್ಣವು ಸೃಜನಶೀಲವಲ್ಲವೆಂದು ಅದೇ ಆದೇಶದ ಅಡಿಟಿಪ್ಪಣಿ ಸ್ಪಷ್ಟಪಡಿಸುತ್ತದೆ.

ನಾನು, ಫಿದೆನ್ಸಿಯೊ ಓಲ್ವೆರಾ, ಸಾಂತಾ ಬ್ರಿಹಿದಾ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಹಂಗಾಮಿ ಮೇಷ್ಟ್ರು. ಪ್ರಾತ್ಯಕ್ಷಿಕೆ ಪಾಠಕ್ಕೆ ಮೇಲ್ವಿಚಾರಕರ ಸಹಿ ಬಿದ್ದರೆ ನೌಕರಿ ಕಾಯಂ. ಆದ್ದರಿಂದ ತಲೆ ಓಡಿಸಿದೆ. ಅಭ್ಯಾಸವಿಲ್ಲದ ಕೆಲಸ, ಮಾಡಬಾರದಿತ್ತು.

ಜನವರಿ ಆರರ ಮೂರು ರಾಜರ ಹಬ್ಬದ ಮರುದಿನ ತರಗತಿಗೆ ಒಂದು ರೋಸ್ಕಾ ತಂದೆ. ಸಕ್ಕರೆ ಉದುರಿಸಿದ, ಬಳೆಯಾಕಾರದ ಆ ಹಬ್ಬದ ಬ್ರೆಡ್ಡಿನೊಳಗೆ ಒಂದು ಪುಟ್ಟ ಬೊಂಬೆ ಅಡಗಿರುತ್ತದೆ. ಅದು ಯಾರ ಪಾಲಿಗೆ ಬರುತ್ತದೋ ಅವರು ಫೆಬ್ರವರಿ ಎರಡರಂದು ಎಲ್ಲರಿಗೂ ತಮಾಲೆ ಮಾಡಿ ಹಾಕಬೇಕು. ಮೆಕ್ಕೆಜೋಳದ ಹಿಟ್ಟು ನಾದಿ, ತೆನೆಯ ಸಿಪ್ಪೆಯಲ್ಲಿ ಸುತ್ತಿ, ಹಬೆಯಲ್ಲಿ ಬೇಯಿಸುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ. ಹಾಗಾಗಿ ನಮ್ಮೂರಲ್ಲಿ ರೋಸ್ಕಾ ಎಲ್ಲರಿಗೂ ಬೇಕು, ಬೊಂಬೆ ಯಾರಿಗೂ ಬೇಡ.

ಇಷ್ಟು ಗೊತ್ತಿದ್ದೂ ಪಾಠದ ನಿಯಮ ಬರೆದವನು ನಾನೇ: "ಪ್ರತಿಯೊಬ್ಬರೂ ಸ್ಥಾನಮಾನದ ಕ್ರಮದಲ್ಲಿ ಬಂದು, ಉಳಿದದ್ದರಲ್ಲಿ ಅರ್ಧವನ್ನು ತೆಗೆದುಕೊಳ್ಳತಕ್ಕದ್ದು. ಕೊನೆಗೆ ಎಲ್ಲ ಭಾಗಗಳ ಮೊತ್ತವು ಒಂದು ಆಗತಕ್ಕದ್ದು." ಅದರ ಮೇಲೆ ಮೂರು ಮೊಹರು ಬಿದ್ದವು. ಯಾರೂ ಲೆಕ್ಕ ಮಾಡಿ ನೋಡಲಿಲ್ಲ. ಗಣಿತದ ಮೇಷ್ಟ್ರಾದ ನಾನೂ ನೋಡಲಿಲ್ಲ.

ಮೇಲ್ವಿಚಾರಕ ಅಬುಂದಿಯೊ ತಾಪಿಯಾ ಮೊದಲು ಚಾಕು ಹಿಡಿದರು. ಗಟ್ಟಿಯಾದದ್ದೇನೋ ತಾಗಿತು. ಅವರು ಗಾಂಭೀರ್ಯ ಕೆಡದಂತೆ ಚಾಕುವನ್ನು ಆಚೆ ಸರಿಸಿ, ಬೊಂಬೆಯಿಲ್ಲದ ಅರ್ಧವನ್ನು ಕತ್ತರಿಸಿ ಫೈಲಿನ ಚೀಲಕ್ಕೆ ಇಳಿಸಿದರು.

"ಇದೇ ಅರ್ಧ ಅಂದ್ರೆ. ಸರಿಯಾಗಿ ನೋಡ್ಕೊಳ್ಳಿ ಮಕ್ಕಳೇ."

ಮುಖ್ಯೋಪಾಧ್ಯಾಯಿನಿ ಎದುವಿಹೆಸ್ ಅವರೂ ಬೊಂಬೆಯ ತಲೆ ಇಣುಕಿದ ಕಡೆಯನ್ನು ಬಿಟ್ಟು ಕತ್ತರಿಸಿದರು. "ನಂಗೆ ಸಕ್ಕರೆ ಕಾಯ್ಲೆ ಕಣ್ರೀ, ಕಾಲು ಭಾಗ ಸಾಕು" ಎಂದು ತ್ಯಾಗ ಮಾಡಿದರು.

ನಂತರ ಹಾಜರಿ ಪುಸ್ತಕದ ಕ್ರಮದಲ್ಲಿ ಹನ್ನೆರಡು ಮಕ್ಕಳು ಬಂದರು. ಐದನೆಯವನ ಹೊತ್ತಿಗೆ ಚಾಕು ದಪ್ಪವಾಯಿತು, ಬ್ಲೇಡು ತರಿಸಿದೆವು.

ಎಂಟನೆಯ ಹುಡುಗ ಅಂಗೈ ದಿಟ್ಟಿಸಿ, "ಮೇಷ್ಟ್ರೇ, ಇದನ್ನ ತಿನ್ಬೇಕಾ, ಸುಮ್ನೆ ನೋಡ್ಬೇಕಾ?" ಎಂದ.

"ಅನುಭವಿಸ್ಬೇಕು ಕಣೋ" ಎಂದೆ.

ಕೊನೆಯವಳು ಯಾರೆತ್ಸಿ ಸೂನ್ಯಿಗಾ. ಬೊಂಬೆಯ ನೆತ್ತಿಗೆ ಅಂಟಿದ್ದ ಒಂದು ಚೂರನ್ನು ಕೈವಾರದ ಮುಳ್ಳಿನಿಂದ ಎರಡಾಗಿ ಸೀಳಿದಳು.

"ಮೇಷ್ಟ್ರೇ, ನಂಗೆ ಬಂದಿದ್ದು ಹದಿನಾರು ಸಾವಿರದ ಮುನ್ನೂರ ಎಂಬತ್ನಾಲ್ಕರಲ್ಲಿ ಒಂದು. ಇನ್ನೂ ಅಷ್ಟೇ ಮಿಕ್ಕಿದೆ. ಹಿಂಗೆ ಕತ್ತರಿಸ್ತಾ ಇದ್ರೆ ಯಾವತ್ತೂ ಮುಗಿಯಲ್ಲ."

"ಮುಗೀಲೇಬೇಕಲ್ಲಮ್ಮ, ನಿಯಮದಲ್ಲಿದೆ" ಎಂದು ತಾಪಿಯಾ ಪೆನ್ನಿನ ಮುಚ್ಚಳ ಹಾಕಿದರು. "ಮೊತ್ತ ಒಂದು ಆಗ್ದೆ ಸಹಿ ಹೆಂಗ್ರೀ ಹಾಕ್ಲಿ?"

ಹನ್ನೊಂದು ವರ್ಷ ಕಣ್ಮುಂದೆ ಬಂತು. ಉಳಿದ ಚೂರನ್ನು ಬೊಂಬೆಸಮೇತ ಬಾಯಿಗೆ ಹಾಕಿಕೊಂಡೆ.

"ಈಗ ಒಂದಾಯ್ತು!" ಎಂದು ತಾಪಿಯಾ ಸಹಿ ಹಾಕಿದರು. "ಬೊಂಬೆ ಮೇಷ್ಟ್ರಿಗೇ ಬಂತು!" ಎಂದು ಎದುವಿಹೆಸ್ ಚಪ್ಪಾಳೆ ತಟ್ಟಿದರು.

ವಾರದೊಳಗೆ ಆದೇಶ ಬಂತು: "ಶ್ರೀ ಓಲ್ವೆರಾ ಅವರ ವಿಧಾನವನ್ನು ಮೆಚ್ಚಿ, ಅದನ್ನು ಅವರ ನೇಮಕಾತಿಗೂ ಅನ್ವಯಿಸಲಾಗಿದೆ. ಈ ವರ್ಷ ಅವರು ಅರ್ಧ ಕಾಯಂ. ಮುಂದೆ ಪ್ರತಿ ವರ್ಷ, ಉಳಿದದ್ದರಲ್ಲಿ ಅರ್ಧ ಕಾಯಂ ಆಗತಕ್ಕದ್ದು." ಸಹೋದ್ಯೋಗಿಗಳೆಲ್ಲ ಕೈಕುಲುಕಿದರು. ನಾನೂ ಕೃತಜ್ಞತಾ ಪತ್ರ ಬರೆದೆ. ನನ್ನದೇ ವಿಧಾನದ ವಿರುದ್ಧ ಯಾವ ಬಾಯಲ್ಲಿ ದೂರು ಕೊಡಲಿ?

ಫೆಬ್ರವರಿ ಎರಡರಂದು ನಲವತ್ತೆಂಟು ತಮಾಲೆ ಹೊತ್ತು ತಂದೆ. ತಾಪಿಯಾ ಇಪ್ಪತ್ತನಾಲ್ಕನ್ನು ಕಾರಿಗೆ ಹಾಕಿಸಿಕೊಂಡರು. ಎದುವಿಹೆಸ್ ಹನ್ನೆರಡು ತೆಗೆದಿಟ್ಟರು. ಮೊದಲನೇ ಹುಡುಗ ಆರಕ್ಕೆ ಕೈ ಹಾಕುತ್ತಿದ್ದಂತೆ ಯಾರೆತ್ಸಿ ಪಾತ್ರೆಗೆ ಅಡ್ಡ ನಿಂತಳು.

"ಅರ್ಧ ಗಿರ್ಧ ಏನಿಲ್ಲ. ತಲೆಗೊಂದು. ತೆಗಿಯೋ ಕೈನ!"

ಹನ್ನೆರಡು ಮಕ್ಕಳಿಗೆ ಹನ್ನೆರಡು ಹೋಯಿತು. ನಾನು ಖಾಲಿ ಪಾತ್ರೆಯ ಮುಚ್ಚಳ ಒರೆಸುತ್ತ ನಿಂತೆ.

"ಮೇಷ್ಟ್ರೇ, ನೀವು ಪೂರ್ತಿ ಕಾಯಂ ಆಗೋದು ಯಾವಾಗ?" ಎಂದು ಯಾರೆತ್ಸಿ ಕೇಳಿದಳು.

"ವರ್ಷಾ ವರ್ಷಾ ಹತ್ರ ಹೋಗ್ತಾ ಇರ್ತೀನಿ ಕಣಮ್ಮ."

ಅವಳು ಬೆರಳು ಮಡಿಸಿ ಎಣಿಸಿದಳು. ಇದೂ ಮುಗಿಯದ ಲೆಕ್ಕವೆಂದು ಎಂಟನೇ ಬೆರಳಿಗೆ ನಿಲ್ಲಿಸಿದಳು. ಆಮೇಲೆ ತನ್ನ ತಮಾಲೆಯ ಸಿಪ್ಪೆ ಬಿಚ್ಚಿ, ನಡುವೆ ಮುರಿದು ಒಂದು ತುಂಡನ್ನು ನನ್ನ ಕೈಗಿಟ್ಟಳು. ಎರಡು ತುಂಡೂ ಸಮನಾಗಿದ್ದವು. ನನಗೆ ಅಳು ಬಂತು.

ಪಾಠದ ವರದಿಯಲ್ಲಿ, ಭಿನ್ನರಾಶಿಯು ಪರಿಚಯವಾದ ದಿನಾಂಕದ ಕಾಲಂನಲ್ಲಿ ಜನವರಿ ಏಳು ಎಂದು ಆಗಲೇ ತುಂಬಿಯಾಗಿತ್ತು. ಅದನ್ನು ಫೆಬ್ರವರಿ ಎರಡು ಎಂದು ತಿದ್ದುವ ಅಧಿಕಾರ ಪೂರ್ತಿ ಕಾಯಂ ಆದವರಿಗೆ ಮಾತ್ರ ಇದೆ.