ಕರೆಂಟು ಓದಲು ಹೋದವಳು

ತೀರಾ ಹೆದರಿ ನಡುಗಿದ ದಿನಗಳಲ್ಲೇ ನನ್ನ ಬದುಕಿನಲ್ಲಿ ನಗೆಪಾಟಲಿನ ಸಂಗತಿಗಳು ನಡೆದಿವೆ. ಆಗ ನಗು ಬಂದಿರಲಿಲ್ಲ, ಅಷ್ಟೇ.

೧. ಅರ್ಜಿ

ನಾವು ಬೆಳಕವಾಡಿಯ ಒಕ್ಕಲು ಮನೆಯವರು. ಸ್ವಾತಂತ್ರ್ಯಕ್ಕೆ ನಾಲ್ಕೈದು ವರ್ಷ ಮೊದಲು, ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಬೇಕೆಂದು ಮೈಸೂರಿನ ಕಾಲೇಜಿಗೆ ಅರ್ಜಿ ಹಾಕಿದೆ. ಪ್ರಿನ್ಸಿಪಾಲರು ಅಪ್ಪನನ್ನು ಕರೆಸಿದರು. ನಾನು ಪಕ್ಕದಲ್ಲೇ ಇದ್ದರೂ ನನ್ನತ್ತ ನೋಡಲಿಲ್ಲ.

"ಆ ಕ್ಲಾಸಿನಲ್ಲಿ ಹೆಣ್ಣುಮಕ್ಕಳೇ ಇಲ್ಲ. ಲ್ಯಾಬಿನಲ್ಲಿ ಕರೆಂಟು ಇರುತ್ತೆ. ಹೆಚ್ಚುಕಡಿಮೆಯಾದರೆ ಯಾರು ಹೊಣೆ?"

ಸೀಟು ಸಿಗದಿದ್ದರೆ ಮದುವೆ. ಮದ್ದೂರಿನಲ್ಲಿ ಗಂಡು ನೋಡಿಟ್ಟಿದ್ದರು.

ಅಪ್ಪ ನಿಧಾನವಾಗಿ ಕೇಳಿದ: "ಕರೆಂಟು ಗಂಡೈಕಳ್ನ ಒಡೆಯಾಕಿಲ್ವ ಸ್ವಾಮಿ?"

ಪ್ರಿನ್ಸಿಪಾಲರು ಅರ್ಜಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ಹೊಡೆಯುತ್ತೆ" ಎಂದು ಒಪ್ಪಿಕೊಂಡು ರುಜು ಹಾಕಿದರು.

೨. ಹಿಂದೆ ಹಿಂದೆ

ಮಂಡ್ಯದ ಸೋದರತ್ತೆಯ ಮನೆಯಿಂದ ರೈಲಿನಲ್ಲಿ ಓಡಾಡುತ್ತಿದ್ದೆ. ಹುಡುಗಿ ಒಬ್ಬಳೇ ತರಗತಿಗೆ ಹೋಗುವಂತಿರಲಿಲ್ಲ. ಮೇಷ್ಟ್ರು ಬರುವವರೆಗೆ ಹೊರಗೆ ನಿಂತು, ಅವರ ಬೆನ್ನ ಹಿಂದೆಯೇ ಒಳಗೆ ಹೋಗಬೇಕು. ಹುಡುಗರು ನೆಲಕ್ಕೆ ಬೂಟು ಬಡಿಯುತ್ತಿದ್ದರು. ಆ ಸದ್ದಿಗೆ ನಾನು ತಲೆ ಎತ್ತುತ್ತಲೇ ಇರಲಿಲ್ಲ.

ಒಂದು ದಿನ ಹಾಗೇ ತಲೆ ತಗ್ಗಿಸಿ, ಮೇಷ್ಟ್ರೇ ಇರಬೇಕೆಂದು ಎದುರಿಗೆ ಕಂಡ ಕರಿಕೋಟಿನ ಹಿಂದೆ ಹೋದೆ. ಅದು ತರಗತಿ ದಾಟಿತು, ಮೆಟ್ಟಿಲು ಹತ್ತಿತು. ನಾನೂ ಹತ್ತಿದೆ. ಕೋಟಿನವನು ತಿರುಗಿ ನಿಂತ.

"ಯಾಕವ್ವ ನನ್ನಿಂದೆ ಬತ್ತಿದ್ದೀಯ? ನಾನು ಗಡಿಯಾರಕ್ಕೆ ಕೀ ಕೊಡಾಕ್ ಬಂದಿರೋನು."

೩. ಬಾಯಿಪರೀಕ್ಷೆ

ಕೊನೆಯ ವರ್ಷ ಒಂದು ಮಾತು ಕಿವಿಗೆ ಬಿತ್ತು: ನಾನು ಫೇಲಾದರೆ ಆ ವಿಷಯಕ್ಕೆ ಇನ್ನು ಹುಡುಗಿಯರನ್ನು ಸೇರಿಸುವುದಿಲ್ಲವಂತೆ. ನನಗೆ ಅನ್ನ ಇಳಿಯಲಿಲ್ಲ.

ಬೇರೆ ಊರಿನಿಂದ ಬಂದ ಪರೀಕ್ಷಕರು ಹೆಣ್ಣುಮಕ್ಕಳ ಜೊತೆ ಮಾತಾಡುವವರಲ್ಲ. ಗೋಡೆ ನೋಡುತ್ತಾ ಲ್ಯಾಬಿನ ಮೇಷ್ಟ್ರಿಗೆ ಹೇಳಿದರು: "ಆಕೆಯನ್ನು ಕೇಳಿ. ತಂತಿ ದಪ್ಪವಾದರೆ ಕರೆಂಟಿಗೆ ತಡೆ ಹೆಚ್ಚೋ ಕಡಿಮೆಯೋ?"

ಮೇಷ್ಟ್ರು ನನ್ನನ್ನು ಕೇಳಿದರು. "ಕಡಿಮೆ ಸರ್" ಎಂದೆ. ಗಾಬರಿಯಲ್ಲಿದ್ದ ಅವರು ಅತ್ತ ತಿರುಗಿ, "ಹೆಚ್ಚಂತೆ ಸರ್" ಎಂದರು.

"ತಪ್ಪು" ಎಂದು ಪರೀಕ್ಷಕರು ಪೆನ್ನು ತೆಗೆದರು.

ಸುಮ್ಮನಿದ್ದರೆ ಎಲ್ಲ ಮುಗಿಯಿತು. "ನಾನು ಕಡಿಮೆ ಅಂದೆ ಸರ್" ಎಂದೆ. ನನ್ನ ದನಿ ನನಗೇ ಅಪರಿಚಿತವೆನಿಸಿತು.

ಅವರು ಮೊದಲ ಸಲ ನನ್ನ ಮುಖ ನೋಡಿದರು. ಉಳಿದ ಪ್ರಶ್ನೆಗಳನ್ನೆಲ್ಲ ನೇರವಾಗಿ ನನ್ನನ್ನೇ ಕೇಳಿ, ಅಂಕ ಬರೆದು, ಮೇಷ್ಟ್ರತ್ತ ತಿರುಗಿದರು.

"ಈಕೆ ಪಾಸು. ನೀವು ಮಾತ್ರ ತಂತಿಯ ಪಾಠ ಇನ್ನೊಮ್ಮೆ ಓದಿಕೊಳ್ಳಿ."