ಮಿಕ್ಸಿಗೆ ಬಿದ್ದ ಕಲ್ಲಿದ್ದಲು

ಗರ್ರ್‌ರ್... ಕಟಕಟ... ಗರ್ರ್‌ರ್! ಬೆಳಗ್ಗೆ ಹತ್ತೂವರೆಗೆ ಅಡುಗೆಮನೆಯ ಮಿಕ್ಸಿ ಹಲ್ಲು ಕಡಿಯುತ್ತಿತ್ತು. ಒಳಗಿದ್ದದ್ದು ಕಾಯಿಯಲ್ಲ, ಕಾಳಲ್ಲ. ಅಸಲಿ ಕಲ್ಲಿದ್ದಲು!

ಮುಚ್ಚಳವನ್ನು ಅಂಗೈಯಲ್ಲಿ ಅದುಮಿಕೊಂಡು ಸೇನಾಪತಿಯ ಠೀವಿಯಲ್ಲಿ ನಿಂತಿದ್ದವರು ಗಡಿಯಾರ ರಿಪೇರಿಯವರು. ಒಂದು ಕಣ್ಣಿಗೆ ಸದಾ ಮಸೂರ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಬೀದಿಗೆಲ್ಲ ಅವರು 'ಭೂತಗನ್ನಡಿ'. ಎರಡು ವರ್ಷ ಕೂತು ಅವರು ಊಟದ ಮೇಜಿನ ಮೇಲೆ ಉಗಿಬಂಡಿ ಕಾಲದ ಒಂದು ಗಣಿಯನ್ನೂ, ಅದಕ್ಕೆ ಹತ್ತುವ ಕವಲು ರೈಲುಹಳಿಯನ್ನೂ ಕಟ್ಟಿದ್ದರು. ಗೇಣುದ್ದದ ಇಂಜಿನ್, ಬೆಂಕಿಪೊಟ್ಟಣದಷ್ಟು ವ್ಯಾಗನ್ನುಗಳು. ಹನ್ನೊಂದಕ್ಕೆ ನಿವೃತ್ತ ಇಂಜಿನ್ ಡ್ರೈವರೊಬ್ಬರು ನೋಡಲು ಬರುವವರಿದ್ದರು. ಅವರು ಹೂಂ ಅಂದರೆ ಮಾದರಿ ರೈಲುಗಳ ಪ್ರದರ್ಶನದಲ್ಲಿ ಜಾಗ. ಹೋದ ವರ್ಷ "ಆಟಿಕೆ" ಅಂದು ಎದ್ದು ಹೋಗಿದ್ದರು.

"ಈ ಸಲ ಬಣ್ಣ ಬಳಿದ ಮರಳಲ್ಲ ಕಣೇ! ಸಾಸಿವೆ ಗಾತ್ರದ ನಿಜವಾದ ಕಲ್ಲಿದ್ದಲು! ಆ ಮನುಷ್ಯ ಬಾಯಿ ಬಿಟ್ಟುಕೊಂಡು ನೋಡಬೇಕು!" ಎಂದು ಭೂತಗನ್ನಡಿ ಹೆಂಡತಿಗೆ ಕೇಳುವಂತೆ ಕೂಗಿದರು.

"ರೀ! ಅದು ನನ್ನ ಮಿಕ್ಸಿ!"

ಬೆನ್ನ ಹಿಂದೆಯೇ ಬಂದ ಹೆಂಡತಿಯ ಈ ಕೂಗಿಗೆ ಸೇನಾಪತಿಯ ಕೈ ಜಾರಿತು. ಮುಚ್ಚಳ ಹಾರಿತು. ಕರಿಪುಡಿ ಎದ್ದು ಅಡುಗೆಮನೆ ಕತ್ತಲಾಯಿತು!

"ಕೆಮ್ಮಬೇಡಿ, ಸರೀರಿ ಆಚೆ!" ಎಂದ ಹೆಂಡತಿ ಮೂಲೆಯ ಟೇಬಲ್ ಫ್ಯಾನನ್ನು ಬಾಗಿಲ ಕಡೆ ತಿರುಗಿಸಿ ಮೂರನೇ ಗುಂಡಿ ಒತ್ತಿಯೇಬಿಟ್ಟರು. ಬಾಗಿಲಾಚೆ ಊಟದ ಮೇಜು! ಕರಿಮೋಡ ಮೆರವಣಿಗೆ ಹೊರಟು ಹಾಲುಬಿಳುಪಿನ ಸ್ಟೇಷನ್ನಿನ ಮೇಲೆ, ಗಣಿಯ ಮಾಡಿನ ಮೇಲೆ, ಉಗುರಗಲದ ಕಿಟಕಿಗಳ ಮೇಲೆ ಮೆಲ್ಲಗೆ, ಬಹು ಮೆಲ್ಲಗೆ ಇಳಿಯಿತು.

"ಎರಡು ವರ್ಷ ಕಣೇ..." ಎಂದರು ಭೂತಗನ್ನಡಿ, ಕಣ್ಣಿನ ಮಸೂರ ಒರೆಸಿಕೊಳ್ಳುತ್ತಾ.

ಆಗಲೇ ಬಾಗಿಲ ಗಂಟೆ ಸದ್ದಾಯಿತು.

ಡ್ರೈವರ್ ಬಂದರು. ಮೇಜಿನ ಮುಂದೆ ಬಗ್ಗಿದರು. ಸ್ಟೇಷನ್ನಿನ ಗೋಡೆಯ ಮೇಲೆ ಬೆರಳಾಡಿಸಿ ಮೂಸಿದರು. ಕಣ್ಣು ತೇವವಾಯಿತು.

"ಇದು ಸ್ವಾಮಿ ಗಣಿ ಹಳಿ! ಮೂವತ್ತು ವರ್ಷ ನಮ್ಮವಳು ನನ್ನ ಅಂಗಿಯಿಂದ ಒಗೆದದ್ದು ಇದೇ ಮಸಿ. ಏನೂ ಮುಟ್ಟಬೇಡಿ! ಹಳಿ ಮಾತ್ರ ಒರೆಸಿ, ಇಲ್ಲದಿದ್ರೆ ಕರೆಂಟು ಹರಿಯಲ್ಲ."

ಒರೆಸಿದ್ದಾಯಿತು. ಇಂಜಿನ್ ಒಮ್ಮೆ ತಡವರಿಸಿ, ಹನ್ನೆರಡು ವ್ಯಾಗನ್ ಎಳೆದುಕೊಂಡು ಏರು ಹತ್ತಿ ಗಣಿಯ ಬಾಯಿಗೆ ಹೋಗಿ ನಿಂತಿತು!

"ಪ್ರದರ್ಶನದ ನಟ್ಟನಡುವೆ ಇಡಿಸ್ತೀನಿ!" ಎಂದರು ಡ್ರೈವರ್.

ಭೂತಗನ್ನಡಿಯ ಎದೆ ಎರಡಂಗುಲ ಉಬ್ಬಿತು. "ಒಂದೊಂದು ಕಣವನ್ನೂ ಚಿಮಟದಲ್ಲಿ..."

"ಗಾಳಿ ಬೀಸೋ ಕಡೆ ಗೋಡೆಗೆ ಮಾತ್ರ ದಪ್ಪ ಮಸಿ. ಇದೊಂದು ಯಾರಿಗೂ ಹೊಳೆಯಲ್ಲ! ಹೇಗೆ ಮಾಡಿದ್ರಿ?"

"ಅದು ನಾನು," ಎಂದರು ಹೆಂಡತಿ. "ಫ್ಯಾನು ಮೂರರಲ್ಲಿ ಇಟ್ಟಿದ್ದೆ."

"ಮೂರರಲ್ಲಾ? ಎಷ್ಟು ಹೊತ್ತು ತಾಯಿ? ಕೂತ್ಕೊಳ್ಳಿ, ಹೇಳಿ. ಫಲಕದಲ್ಲಿ ನಿಮ್ಮ ಹೆಸರೇ ಮೊದಲು!"

"ಸಾರ್, ಮುಚ್ಚಳ ಬಿಟ್ಟವನು ನಾನು..." ಎಂದರು ಭೂತಗನ್ನಡಿ. ಯಾರೂ ತಿರುಗಲಿಲ್ಲ.

"ಗಣಿ ಪಕ್ಕ ಒಂದು ಬೂದಿಗುಡ್ಡ ಮಾಡೋದಾದ್ರೆ ಫ್ಯಾನು ಒಂದರಲ್ಲಿ ಇಟ್ರೆ ಸಾಕು ಅನ್ಸುತ್ತೆ," ಎಂದು ಹೆಂಡತಿ ಕುರ್ಚಿ ಎಳೆದುಕೊಂಡರು. "ಅದೇ ಹೊಗೆ ಬೇಕಾದ್ರೆ..."

ಹೊಗೆಗೆ ಎಷ್ಟರಲ್ಲಿಡಬೇಕೆಂದು ಕೇಳಲು ಭೂತಗನ್ನಡಿ ನಿಲ್ಲಲಿಲ್ಲ. ಬಕೆಟ್ಟು, ಬಟ್ಟೆ ಎತ್ತಿಕೊಂಡು ಅಡುಗೆಮನೆ ಒರೆಸಲು ನಡೆದರು.