ಹಿತ್ತಲಲ್ಲಿ ಹಾದ ಅಬಕಾರಿ ಟೇಪು

ಹಟ ಹಿಡಿಯುವುದು ನನಗೆ ಚೆನ್ನಾಗಿ ಬರುತ್ತದೆ. ಗೆದ್ದ ಮೇಲೆ ಏನು ಮಾಡಬೇಕೆಂಬುದು ಮಾತ್ರ ಇವತ್ತಿಗೂ ತಿಳಿಯದು. ಆಂಡರ್ಸನ್‌ಪೇಟೆಯಲ್ಲಿ ಸಂಸಾರ ಹೂಡಿದಾಗಿನಿಂದ ನನ್ನ ಹಟವೆಲ್ಲ ಹಿತ್ತಲಿನ ಮೇಲೆ. ಮನೆ ಮುಂದೆ ಪೇಟೆ ಬೀದಿ, ಹಿತ್ತಲಿನ ಆಚೆಗೇ ಶಾಲೆಯ ಗೇಟು. ಸುತ್ತಿ ಹೋದರೆ ಕಾಲು ಗಂಟೆ, ನಮ್ಮ ಮನೆ ಪಕ್ಕದ ಸಂದಿಯಲ್ಲಿ ನುಗ್ಗಿ ಹಿತ್ತಲು ದಾಟಿದರೆ ಎರಡೇ ನಿಮಿಷ. ಹಾಗಾಗಿ ಮಕ್ಕಳು, ಮೇಷ್ಟರು, ಮೇಷ್ಟರಿಗೆ ಊಟ ಒಯ್ಯುವವರು, ಎಲ್ಲರೂ ಅಲ್ಲಿ ಒಣಹಾಕಿದ ನನ್ನ ಸಂಡಿಗೆಯನ್ನು ದಾಟಿಯೋ ತುಳಿದೋ ಹೋಗುತ್ತಿದ್ದರು. ಇದು ದಾರಿಯಲ್ಲ, ಹಿತ್ತಲು ಎಂದು ದಿನಕ್ಕೆ ಹತ್ತು ಸಲ ಕೂಗುತ್ತಿದ್ದೆ. ದಿನವೂ ಬಂಗಾರಪೇಟೆಗೆ ರೈಲಿನಲ್ಲಿ ನಿಂತೇ ಹೋಗಿಬರುವ ನಮ್ಮವರಿಗೆ ಜನ ಓಡಾಡಿದರೆ ಏನೂ ಅನ್ನಿಸುತ್ತಿರಲಿಲ್ಲ. ಕೊನೆಗೆ ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಸಂದಿಗೆ ತಗಡಿನ ಬಾಗಿಲು ಬಂತು, ಬೀಗವೂ ಬಿತ್ತು.

ಅದೇ ವಾರ ಪಕ್ಕದ ಖಾಲಿ ಮಳಿಗೆಯನ್ನು ಹಿಡಿದ ಚೆಂಗಲರಾಯ, ಬ್ರಾಂದಿ ಅಂಗಡಿಯ ಲೈಸೆನ್ಸಿಗೆ ಅರ್ಜಿ ಹಾಕಿದ. ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ಕಾಲ; ಮನೆ ಗುರುತು ಕೇಳಿದರೆ ಬ್ರಾಂದಿ ಅಂಗಡಿ ಪಕ್ಕ ಎನ್ನುವುದೇ? ಬೀದಿಯವರೆಲ್ಲ ಸೇರಿ ತಕರಾರು ಕೊಟ್ಟೆವು. ಶಾಲೆಯಿಂದ ನೂರು ಮೀಟರಿನೊಳಗೆ ಅಂಥ ಅಂಗಡಿ ಕೂಡದೆಂದು ಕಾನೂನಿತ್ತು. ಆದರೆ ಗೋಡೆ ಹಾರಿಸಿ ಅಳೆಯುವಂತಿಲ್ಲ. ಜನ ಮಾಮೂಲಾಗಿ ನಡೆಯುವ ಹತ್ತಿರದ ದಾರಿಯಲ್ಲೇ ಟೇಪು ಹಿಡಿಯಬೇಕಂತೆ.

ಅಬಕಾರಿ ಇನ್‌ಸ್ಪೆಕ್ಟರು ಟೇಪು ಹಿಡಿದು ಬಂದರು. ಸಂದಿಯೇ ಹತ್ತಿರದ ದಾರಿ ಎಂದು ಬೀದಿಯವರು ತೋರಿಸಿದರೆ, ಚೆಂಗಲರಾಯ ಕೈಕಟ್ಟಿ ನಿಂತು ಬಹಳ ವಿನಯದಿಂದ ಹೇಳಿದ: "ಅದು ದಾರಿ ಅಲ್ಲ ಸಾರ್, ಈಯಮ್ಮನ ಇತ್ತಲು. ಯಾರ್ನಾ ಕಾಲಿಟ್ರೆ ಎಂಗ್ ಬೈತಾರೆ ಅಂತ ಬೀದೀನೆಲ್ಲಾ ಕೇಳಿ."

ಬೀದಿಯವರು ನೆಲ ನೋಡಿದರು. ಬೈಸಿಕೊಳ್ಳದವರು ಅಲ್ಲಿ ಒಬ್ಬರೂ ಇರಲಿಲ್ಲ. ಇನ್‌ಸ್ಪೆಕ್ಟರು ನನ್ನ ಕಡೆ ತಿರುಗಿ, ಇದು ದಾರಿಯೋ ಹಿತ್ತಲೋ, ನೀವೇ ಹೇಳಿ ಎಂದರು. ಅಷ್ಟು ವರ್ಷ ನಾನು ಕೂಗಿದ್ದು ಹಿತ್ತಲೆಂದೇ. ಎದುರುಮನೆಯ ಮುನಿಯಮ್ಮ ಹಿಂದಿನಿಂದ ತಿವಿದಳು: "ಬೀಗ ತಗಿಯಮ್ಮೋ. ಸಂಡಿಗೆ ಬೇಕಾದ್ರೆ ನಮ್ಮನೆ ಮಾಳಿಗೆ ಮ್ಯಾಗೆ ಒಣಾಕು."

ಸೊಂಟದ ಬೀಗದಕೈ ತೆಗೆದೆ. ಇದು ಸಾರ್ವಜನಿಕರು ಹಿಂದಿನಿಂದಲೂ ಓಡಾಡುವ ದಾರಿ, ಮುಂದೆಯೂ ಮುಚ್ಚುವುದಿಲ್ಲ ಎಂದು ಇನ್‌ಸ್ಪೆಕ್ಟರು ಹೇಳಿದಂತೆ ಬರೆದು ರುಜು ಹಾಕಿದೆ. ಟೇಪು ಹಿತ್ತಲಲ್ಲಿ ಹಾಯಿತು. ನೂರಕ್ಕೆ ಎಷ್ಟೋ ಕಡಿಮೆ. ಲೈಸೆನ್ಸು ಸಿಗಲಿಲ್ಲ. ಆ ದಿನ ಬೀದಿಗೆಲ್ಲ ನಾನೇ ಪಾಯಸ ಹಂಚಿದೆ.

ಚೆಂಗಲರಾಯ ಮಾತ್ರ ಬೇಜಾರು ಮಾಡಿಕೊಳ್ಳಲಿಲ್ಲ. ಎರಡು ತಿಂಗಳಲ್ಲಿ ಶಾಲೆಯನ್ನೂ ದಾಟಿ, ನೂರು ಮೀಟರು ಕಳೆದು, ಆಚೆ ಬೀದಿಯ ಕೊನೆಯಲ್ಲಿ ಕಾನೂನುಬದ್ಧವಾಗಿ ಅಂಗಡಿ ತೆರೆದ. ನಮ್ಮ ಪೇಟೆಯವರು ಅಲ್ಲಿಗೆ ಹೋಗಲು ಹತ್ತಿರದ ದಾರಿ ಯಾವುದೆಂದು ಬೇರೆ ಹೇಳಬೇಕಿಲ್ಲ. ಸಂಜೆಯಾದರೆ ಸಾಲು. ತಡೆಯೋಣವೆಂದರೆ ನನ್ನ ರುಜುವಿನ ಕಾಗದ ಕಚೇರಿಯಲ್ಲಿದೆ. ಹೋಗುವಾಗ ಸುಮ್ಮನೆ ಹೋಗುವವರು ಬರುವಾಗ ಮಾತ್ರ ನಿಂತು, ಅಕ್ಕಾ ಚೆನ್ನಾಗಿದ್ದೀರಾ ಎಂದು ವಿಚಾರಿಸುತ್ತಾರೆ. ಮೊನ್ನೆ ಒಬ್ಬ ಒಗೆಯುವ ಕಲ್ಲಿಗೆ ಎಡವಿ ಬಿದ್ದ. ಮೆಲ್ಲಗೆ ಎದ್ದು ಮಣ್ಣು ಕೊಡವಿಕೊಂಡು, "ಪಬ್ಲಿಕ್ ದಾರೀಲಿ ಒಂದ್ ಲೈಟಾದ್ರೂ ಬ್ಯಾಡ್ವೇನಕ್ಕಾ?" ಎಂದ.

ಮಾರನೆಯ ದಿನ ನಮ್ಮವರನ್ನು ಕಳಿಸಿ ಬಲ್ಬು ತರಿಸಿದೆ.